ಫಹೀಟಾ ಮಾಡುವವರೇ, ಮಾಂಸದ ಎಳೆ ಯಾವ ಕಡೆಗಿದೆ ನೋಡಿದಿರಾ?

ಫಹೀಟಾ ಅಂದರೆ ಸುಟ್ಟ ದನದ ಮಾಂಸದ ಚೂರುಗಳನ್ನು ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿಟ್ಟು ತಿನ್ನುವ ಟೆಕ್ಸಸ್-ಮೆಕ್ಸಿಕೊ ಕಡೆಯ ಅಡುಗೆ. ಮೊದಲು ಆ ಅಂಗಡಿಯ ಫಹೀಟಾ ಮಸಾಲೆ ಪೊಟ್ಟಣ ಕೆಳಗಿಡಿ. ಅದರ ಹಿಂದೆ ಏನು ಬರೆದಿದೆ ಅಂತ ಒಮ್ಮೆಯಾದರೂ ಓದಿದ್ದೀರಾ? ಉಪ್ಪು, ಸಕ್ಕರೆ, ಕಾರ್ನ್‌ಸ್ಟಾರ್ಚ್. ಡಬ್ಬಿ ತುಂಬ ಜೀರಿಗೆ ಇಟ್ಟುಕೊಂಡ ನಮ್ಮ ಮಕ್ಕಳು ಹೂಸ್ಟನ್‌ನಲ್ಲಿ ಕೂತು ಇದಕ್ಕೆ ದುಡ್ಡು ಕೊಡುವುದು ನೋಡಿದರೆ ಮೈ ಉರಿಯುತ್ತದೆ.

ಜೀರಿಗೆಯನ್ನು ಘಮ ಬರುವಷ್ಟು ಹುರಿದು ಕುಟ್ಟಿ. ಆಂಚೊ ಎಂಬ ಮೆಕ್ಸಿಕೊದ ಒಣಮೆಣಸಿನಕಾಯಿಯ ಪುಡಿ ಧಾರಾಳವಾಗಿ ಹಾಕಿ. ಸಿಗದಿದ್ದರೆ ಬ್ಯಾಡಗಿ ಆಗುತ್ತದೆ, ಜೊತೆಗೆ ಚೂರು ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆಯ ಘಮದ ಮೆಣಸಿನ ಪುಡಿ) ಇರಲಿ. ಬೆಳ್ಳುಳ್ಳಿ ಪುಡಿ, ಕಾಳುಮೆಣಸು, ಉಪ್ಪು, ಅಂಗೈಯಲ್ಲಿ ತಿಕ್ಕಿದ ಮೆಕ್ಸಿಕನ್ ಒರೆಗಾನೊ ಎಂಬ ಒಣ ಸೊಪ್ಪು. ಅಷ್ಟೇ. ಕೊತ್ತಂಬರಿ ಪುಡಿ, ಗರಂ ಮಸಾಲೆ ಅಂತ ಕೈ ಹೋಗುತ್ತದೆ, ಗೊತ್ತು. ಹಾಕಿದರೆ ಅದು ಸುಕ್ಕಾ, ಫಹೀಟಾ ಅಲ್ಲ. ಎಣ್ಣೆ, ನಿಂಬೆರಸದ ಜೊತೆ ಈ ಪುಡಿ ಸವರಿ ಒಂದೆರಡು ಗಂಟೆ ಬಿಟ್ಟರೆ ಸಾಕು. ರಾತ್ರಿಯಿಡೀ ನಿಂಬೆರಸದಲ್ಲಿ ಬಿದ್ದ ಮಾಂಸದ ಮೇಲ್ಪದರ ಹಿಟ್ಟುಹಿಟ್ಟಾಗುತ್ತದೆ.

ಮಾಂಸ ಸ್ಕರ್ಟ್ ಸ್ಟೇಕೇ ಆಗಬೇಕು, ಅಂದರೆ ದನದ ಎದೆ-ಹೊಟ್ಟೆ ನಡುವಿನ ಉದ್ದನೆಯ ತೆಳು ಮಾಂಸ. ನಮ್ಮ ಪಕ್ಕದ ಮನೆಯಲ್ಲಿ ಮೊದಲು ಒಬ್ಬ ಅಜ್ಜಿ ಇದ್ದರು, ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ಕಣಿವೆಯವರು. ಅವರ ಅಪ್ಪ ರಾಂಚ್‌ನಲ್ಲಿ ದನ ಕಾಯುತ್ತಿದ್ದರಂತೆ. 1930ರ ದಶಕದಲ್ಲಿ ಅಲ್ಲಿ ದನ ಕಡಿದರೆ ಒಳ್ಳೆಯ ಭಾಗ ಧಣಿಗೆ. ತಲೆ, ಕರುಳು, ಈ ಸ್ಕರ್ಟ್ ಆಳುಗಳಿಗೆ, ಕೂಲಿಯ ಲೆಕ್ಕದಲ್ಲಿ. ಆಮೇಲೆ 1973ರಲ್ಲಿ ನಿನ್ಫಾ ಲೊರೆನ್ಸೊ ಎಂಬ ಹೋಟೆಲ್ ಒಡತಿ ಇದೇ ಹೂಸ್ಟನ್‌ನ ನ್ಯಾವಿಗೇಶನ್ ಬೀದಿಯಲ್ಲಿ ಸುಟ್ಟ ಮಾಂಸವನ್ನು ಟೋರ್ಟಿಯಾದಲ್ಲಿ ಕೊಡಲು ಶುರು ಮಾಡಿದರು. ದೊಡ್ಡ ಹೋಟೆಲ್‌ಗಳೂ ಫಹೀಟಾ ಹಿಡಿದುಕೊಂಡವು. ಈಗ ಬೆಲೆ ಕೇಳಿ ನೋಡಿ! ಇಷ್ಟು ಕೊಟ್ಟು ತಂದದ್ದನ್ನು ನೀವು ಕತ್ತರಿಸುವಾಗ ಹಾಳು ಮಾಡುತ್ತೀರಿ.

ಆ ಅಜ್ಜಿ ನನ್ನ ಕೈಯಿಂದ ಚಾಕು ಕಸಿದುಕೊಂಡು ತೋರಿಸಿದ್ದು ಇದು. ಹಸಿ ಮಾಂಸವನ್ನು ಹಲಗೆಯ ಮೇಲೆ ಉದ್ದಕ್ಕೆ ಹಾಸಿ. ಬಿಳಿ ಪೊರೆ ಇದ್ದರೆ ಪೇಪರ್ ಟವಲ್‌ನಲ್ಲಿ ಹಿಡಿದು ಎಳೆದು ತೆಗೆಯಿರಿ. ಈಗ ಬಗ್ಗಿ ನೋಡಿ. ತುಂಡು ಉದ್ದಕ್ಕಿದೆ, ಎಳೆಗಳು ಮಾತ್ರ ಅಡ್ಡಕ್ಕೆ ಓಡುತ್ತವೆ. ನೀವು ಸುಮ್ನೆ ಒಂದು ತುದಿಯಿಂದ ಅಡ್ಡಡ್ಡ ಕೊಯ್ಯುತ್ತಾ ಹೋಗುತ್ತೀರಿ. ಎಳೆ ತುಂಡಾಗುವುದೇ ಇಲ್ಲ, ತಿನ್ನುವಾಗ ಬಾಳೆನಾರು ಜಗಿದ ಹಾಗೆ. ಹಾಗಾಗಿ ಮೊದಲು ಎಳೆಯ ಗುಂಟವೇ ಅಂಗೈ ಅಗಲದ ತುಂಡುಗಳು ಮಾಡಿ. ಬಾಣಲೆಗೂ ಅದೇ ಸರಿಯಾದ ಅಳತೆ. ಬೆಂದ ಮೇಲೆ ಹಲಗೆಗೆ ತೆಗೆದು ಸುಮ್ಮನೆ ಬಿಡಿ, ಐದು ಹತ್ತು ನಿಮಿಷ ಮುಟ್ಟಬೇಡಿ. ಬಿಸಿಯಲ್ಲೇ ಕೊಯ್ದರೆ ರಸ ಎಲ್ಲಾ ಹಲಗೆಗೆ ಹೋಗುತ್ತದೆ. ಆಮೇಲೆ ಒಂದೊಂದೇ ತುಂಡನ್ನು ತಿರುಗಿಸಿಟ್ಟು, ಚಾಕುವನ್ನು ಸ್ವಲ್ಪ ಓರೆ ಮಾಡಿ, ಎಳೆ ಕಡಿಯುವ ಹಾಗೆ ಕಿರುಬೆರಳಿಗಿಂತ ತೆಳ್ಳಗೆ ಕೊಯ್ಯಿರಿ. ಒಂದು ಚೂರನ್ನು ಎರಡೂ ತುದಿ ಹಿಡಿದು ಎಳೆದು ನೋಡಿ. ತಟ್ಟನೆ ಬಿಟ್ಟುಕೊಂಡರೆ ಸರಿ. ರಬ್ಬರಿನಂತೆ ಹಿಗ್ಗಿದರೆ ನೀವು ತಿರುಗಿಸಿಟ್ಟಿಲ್ಲ, ಅಷ್ಟೇ!

ಸುಡುವುದು ದೊಡ್ಡ ವಿದ್ಯೆ ಏನಲ್ಲ. ಮಾಂಸದ ಮೇಲಿನ ನೀರು ಒತ್ತಿ ತೆಗೆಯಿರಿ. ಕಬ್ಬಿಣದ ಬಾಣಲೆ ಹೊಗೆಯಾಡಬೇಕು. ಎರಡೇ ತುಂಡು ಹಾಕಿ, ಒಂದೊಂದು ಮಗ್ಗುಲು ಎರಡು ಮೂರು ನಿಮಿಷ. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ನೀರು ಬಿಟ್ಟು ಬೇಯುತ್ತದೆ, ಸುಡುವುದಿಲ್ಲ. ಮಾಂಸ ತೆಗೆದ ಅದೇ ಬಾಣಲೆಗೆ ಉದ್ದುದ್ದ ಹೆಚ್ಚಿದ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ. ಅಂಚು ಕಪ್ಪಾಗಲಿ, ಒಳಗೆ ಗರಿಗರಿ ಇರಲಿ.

ಬಾಣಲೆ ಅಂದೆನಲ್ಲ, ಊಟ ಆದ ಮೇಲೆ ಅದನ್ನು ಸಿಂಕಿನಲ್ಲಿ ನೀರು ತುಂಬಿ ರಾತ್ರಿಯಿಡೀ ಬಿಡುವವರು ಯಾರು? ನಿಮ್ಮಮ್ಮ ದೋಸೆ ಕಾವಲಿಯನ್ನು ಹಾಗೆ ಬಿಡುತ್ತಿದ್ದರಾ? ಬಿಸಿ ಇರುವಾಗಲೇ ತೊಳೆದು, ಒಲೆಯ ಮೇಲೆ ಒಣಗಿಸಿ, ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಒರೆಸಿಡಿ.

ಇನ್ನು ಟೋರ್ಟಿಯಾ. ಮೈದಾದ್ದೇ ತನ್ನಿ, ಮೈಕ್ರೋವೇವ್‌ಗೆ ಹಾಕಬೇಡಿ. ಒಣ ಕಾವಲಿಯ ಮೇಲೆ ಗುಳ್ಳೆ ಏಳುವವರೆಗೆ ಬಿಸಿ ಮಾಡಿ, ಬಟ್ಟೆಯಲ್ಲಿ ಮುಚ್ಚಿಡಿ. ಮಾಂಸ ಆರುತ್ತಿರುವ ಆ ಹತ್ತು ನಿಮಿಷದಲ್ಲೇ ಇದು ಮುಗಿಯುತ್ತದೆ, ಫೋನ್ ನೋಡುತ್ತಾ ನಿಲ್ಲದಿದ್ದರೆ.