ಘಾಟಿ ಇಳಿಯುವ ಮುಂಚೆ ಬ್ರೇಕ್ ಬೂಸ್ಟರ್ ನೋಡಿಕೊಳ್ಳಿ

ನಮ್ಮ ಮನೆ ಕೊಟ್ಟಿಗೆಹಾರದ ಹತ್ತಿರ. ಉಜಿರೆ ಕಡೆ ಹೊರಟರೆ ಚಾರ್ಮಾಡಿ ಘಾಟಿ ಇಳಿಯಲೇಬೇಕು. ಒಂದು ಮಳೆಗಾಲದ ಬೆಳಿಗ್ಗೆ ತಿರುವಿನ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ! ಎರಡೂ ಕಾಲಿನ ಬಲ ಹಾಕಿ, ಸೆಕೆಂಡ್ ಗೇರಿಗೆ ಇಳಿಸಿ ಹೇಗೋ ಜೀಪು ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಬ್ರೇಕ್ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪು, ಅಂದರೆ ಅದರೊಳಗಿನ ಗಾಳಿ ಎಳೆದು ಖಾಲಿ ಮಾಡುವ ಪೈಪು, ಬಾಯಿ ಹತ್ತಿರ ಸೀಳಿತ್ತು. ಮನೆ ಅಂಗಳದಲ್ಲೇ ಐದು ನಿಮಿಷ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು.

ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಿಂದೆ ದಪ್ಪ ಕಪ್ಪು ಡಬ್ಬಿ ಇರುತ್ತದಲ್ವಾ, ಅದೇ ಬೂಸ್ಟರ್. ಒಳಗೊಂದು ರಬ್ಬರ್ ಪರದೆ. ಅದರ ಎರಡೂ ಬದಿಯ ಗಾಳಿಯನ್ನು ಎಂಜಿನ್ ಎಳೆದುಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಹಿಂದಿನ ಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ, ಕಾಲಿನ ಜೊತೆ ತಾನೂ ತಳ್ಳುತ್ತದೆ. ಡೀಸೆಲ್ ಗಾಡಿಯಲ್ಲಿ ಈ ಕೆಲಸಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಕೆಲವದರಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಿಂದೆಯೇ ಕೂತಿರುತ್ತದೆ. ಅಲ್ಲಿ ಅವೆರಡನ್ನೂ ತಿರುಗಿಸುವ ಬೆಲ್ಟ್ ತುಂಡಾದರೆ ಬ್ಯಾಟರಿ ದೀಪ ಹತ್ತುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ಎಲೆಕ್ಟ್ರಿಕ್ ಬೂಸ್ಟರ್ ಇರುವ ಹೊಸ ಗಾಡಿಗಳಿಗೆ ಕೆಳಗೆ ಹೇಳುವ ಪರೀಕ್ಷೆ ಹೊಂದುವುದಿಲ್ಲ.

ಗಾಡಿ ಸಮತಟ್ಟು ಜಾಗದಲ್ಲಿರಲಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು.

ಎಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಒಳಗೆ ಉಳಿದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಹಾಗೇ ಒತ್ತಿಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಲ್ಲಬೇಕು. ಅಲ್ಲಾಡದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಬರುತ್ತಿಲ್ಲ, ಇಲ್ಲವೇ ಬೂಸ್ಟರೇ ಕೆಟ್ಟಿದೆ. ನಿಲ್ಲದೆ ನೆಲದವರೆಗೂ ಇಳಿಯುತ್ತಿದ್ದರೆ ದೋಷ ಬೂಸ್ಟರಿನದಲ್ಲ. ಬ್ರೇಕ್ ಆಯಿಲ್ ಸೋರಿಕೆಯನ್ನೋ ಮಾಸ್ಟರ್ ಸಿಲಿಂಡರನ್ನೋ ನೋಡಿ.

ಈಗ ಒಂದೆರಡು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ. ನಿಧಾನವಾಗಿ ಮೂರು ಸಲ ಒತ್ತಿ. ಮೊದಲ ಸಲ ಪೆಡಲ್ ಆಳಕ್ಕೆ ಹೋಗಿ, ಎರಡನೆಯದು, ಮೂರನೆಯದು ಮೇಲೆ ಮೇಲೆ ನಿಂತರೆ ಒಳ್ಳೆಯದು. ಮೊದಲ ಸಲವೇ ಗಟ್ಟಿ ಅಂದರೆ ವ್ಯಾಕ್ಯೂಮ್ ಎಲ್ಲೋ ಸೋರಿ ಹೋಗಿದೆ. ನಾನು ಜಾಸ್ತಿ ನಂಬುವುದು ಇದನ್ನೇ.

ಕೊನೆಗೆ, ಎಂಜಿನ್ ಓಡುವಾಗ ಪೆಡಲ್ ಒತ್ತಿ ಹಿಡಿದು ಆಫ್ ಮಾಡಿ. 30 ಸೆಕೆಂಡು ಕಾಲು ತೆಗೆಯಬೇಡಿ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಬಾರದು. ತಳ್ಳಿದರೆ ಸೋರಿಕೆ ಇದೆ. ಒತ್ತಿ ಹಿಡಿದಷ್ಟೂ ಹೊತ್ತು 'ಸ್ಸ್' ಸದ್ದು ಬರುತ್ತಿದ್ದರೆ ಪರದೆ ಹರಿದಿರಬಹುದು.

ಸುಮ್ನೆ ಬೂಸ್ಟರ್ ಬದಲಿಸಲು ಓಡಬೇಡಿ. ಮೊದಲು ಪೈಪನ್ನು ಬಗ್ಗಿಸಿ ಸೀಳು ಹುಡುಕಿ. ನಮ್ಮ ಕಡೆ ಇಲಿ ಕಡಿದಿರುವುದೂ ಉಂಟು. ಆಮೇಲೆ ಆ ಪೈಪಿನ ಒನ್‌ವೇ ವಾಲ್ವ್, ಅಂದರೆ ಗಾಳಿಯನ್ನು ಒಂದೇ ಕಡೆ ಬಿಡುವ ವಾಲ್ವ್. ಎಂಜಿನ್ ಆಫ್ ಮಾಡಿ, ಪೆಡಲ್ ಮುಟ್ಟದೆ, ಅದನ್ನು ಬೂಸ್ಟರಿನಿಂದ ಕಿತ್ತರೆ 'ಬುಸ್' ಅಂತ ಗಾಳಿ ನುಗ್ಗಬೇಕು. ಬೂಸ್ಟರ್ ಬದಿಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಬದಿಯಿಂದ ಊದಿದರೆ ಹೋಗಬಾರದು.

ಇಳಿಜಾರಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡುವ ಅಭ್ಯಾಸ ಅಪ್ಪನಿಗಿತ್ತು. ದಯವಿಟ್ಟು ಮಾಡಬೇಡಿ. ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ತಿರುವುಗಳು ಮುಗಿಯುವುದಿಲ್ಲ. ಪರೀಕ್ಷೆಯಲ್ಲಿ ಒಂದು ಸರಿಯಿಲ್ಲ ಅನ್ನಿಸಿದರೂ ಗಾಡಿ ಅಂಗಳದಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ.