ದೋಟಿಯ ತುದಿ, ದೋಟಿಯ ಬುಡ: ‘ಎಂಡ್’ ಅನುವಾದಿಸಿದ ನನ್ನ ಅನುಭವ

“ಯಾವ ಕೊನೆ ಮಾರಾಯ್ರೇ, ಕತ್ತಿ ಬದಿಯದ್ದೋ, ಕೈ ಬದಿಯದ್ದೋ?” ಎಂದು ಸಾಗರದ ಬಳಿಯ ತೋಟವೊಂದರಲ್ಲಿ ಹಿರಿಯ ಕೊನೆಗಾರರೊಬ್ಬರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ, ಅಂದರೆ ತುದಿಗೆ ಕತ್ತಿಯಿರುವ ಉದ್ದ ಕೋಲಿನ, ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನದಾಗಿತ್ತು. ಕರಡನ್ನು ಬಳಸುವವರ ಮುಂದೆಯೇ ಓದಿ ನೋಡೋಣವೆಂದು ಹೋಗಿದ್ದೆ. ನಾನು ಬರೆದಿದ್ದ ವಾಕ್ಯ ಇದು: “ದೋಟಿಯ ಕೊನೆಯಲ್ಲಿರುವ ರಂಧ್ರಕ್ಕೆ ಬೋಲ್ಟ್ ಹಾಕಿ ಕತ್ತಿಯನ್ನು ಬಿಗಿಗೊಳಿಸಿ.” ಅಡಿಕೆ ತೋಟದಲ್ಲಿ ‘ಕೊನೆ’ ಎಂದರೆ ಮೊದಲಿಗೆ ಕಣ್ಣ ಮುಂದೆ ಬರುವುದು ಮರದ ಮೇಲಿನ ಅಡಿಕೆ ಗೊಂಚಲು, ಅದನ್ನು ಕೊಯ್ಯುವವನೇ ಕೊನೆಗಾರ. ಅಂಥವರ ಕೈಗೆ ಕೊಡುವ ಪುಸ್ತಕದಲ್ಲಿ ಆ ಪದವನ್ನು ಬೇರೊಂದು ಅರ್ಥದಲ್ಲಿ ಬಳಸಿದ್ದು ನನ್ನ ಮೊದಲ ತಪ್ಪು. ಬೋಲ್ಟನ್ನು ದೋಟಿಯ ನೆತ್ತಿಯಿಂದ ಒಳಕ್ಕೆ ತಿರುಗಿಸಬೇಕೋ, ಪಕ್ಕದಿಂದ ಅಡ್ಡಕ್ಕೆ ತೂರಿಸಬೇಕೋ ಎಂಬುದು ನನ್ನ ವಾಕ್ಯದಿಂದ ತಿಳಿಯುತ್ತಲೇ ಇರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ತಪ್ಪು.

ಮನೆಗೆ ಬಂದು ಮೂಲವನ್ನು ಮತ್ತೆ ತೆರೆದು, ‘ಎಂಡ್’ ಬಂದ ವಾಕ್ಯಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡೆ. ಕತ್ತಿ ಇರುವುದು ‘ಆನ್ ದಿ ಎಂಡ್ ಆಫ್ ದ ಪೋಲ್’. ಬೋಲ್ಟಿನ ತೂತು ಇರುವುದು ‘ಇನ್ ದಿ ಎಂಡ್ ಆಫ್ ದ ಪೋಲ್’. ಒಂದರೊಳಗೊಂದು ಸೇರುವ ತುಂಡುಗಳನ್ನು ಹಿಡಿದಿಡುವ ಲಾಕ್ ಇರುವುದು ‘ಅಟ್ ದಿ ಎಂಡ್ ಆಫ್ ಈಚ್ ಸೆಕ್ಷನ್’. ಮೂರನ್ನೂ ನಾನು ‘ಕೊನೆಯಲ್ಲಿ’ ಎಂದೇ ಬರೆದು ಮುಗಿಸಿದ್ದೆ.

ಇಂಗ್ಲಿಷ್ ಇಲ್ಲಿ ಒಂದೇ ‘ಎಂಡ್’ ಅನ್ನು ಮೂರು ಬಗೆಯಲ್ಲಿ ನೋಡುತ್ತದೆ. ‘ಅಟ್’ ಎಂದಾಗ ತುದಿಯು ಒಂದು ಬಿಂದು ಮಾತ್ರ. ವಸ್ತು ಆ ಬಿಂದುವಿನಲ್ಲಾಗಲಿ ಅದರ ಆಸುಪಾಸಿನಲ್ಲಾಗಲಿ ಇದ್ದರೆ ಸಾಕು, ತಾಗಿಕೊಂಡೇ ಇರಬೇಕೆಂದಿಲ್ಲ. ಬೀದಿಯ ಕೊನೆಯ ಮನೆ ‘ಅಟ್ ದಿ ಎಂಡ್ ಆಫ್ ದ ಸ್ಟ್ರೀಟ್’ ಇರುವುದು ಹೀಗೆ. ‘ಆನ್’ ಎಂದಾಗ ತುದಿಗೆ ಒಂದು ಮೈ ಇದೆ, ಇನ್ನೊಂದು ವಸ್ತು ಅದಕ್ಕೆ ತಾಗಿ ಅಥವಾ ಅಂಟಿ ನಿಂತಿದೆ. ಪೆನ್ಸಿಲ್ಲಿನ ಹಿಂಬದಿಗೆ ಕೂರಿಸಿದ ರಬ್ಬರ್ ‘ಆನ್ ದಿ ಎಂಡ್’ ಆಗುವುದು ಅದಕ್ಕಾಗಿಯೇ. ‘ಇನ್’ ಎಂದಾಗ ತುದಿಯು ಒಳಭಾಗವುಳ್ಳ ಗಟ್ಟಿ ವಸ್ತು. ತೂತು, ಬಿರುಕು, ಮೊಳೆ ಅದರೊಳಕ್ಕೆ ಇಳಿದಿರುತ್ತವೆ. ಈ ಮೂರರ ನಡುವೆ ಗಡಿಯೇನೂ ಕಲ್ಲಿನಲ್ಲಿ ಕೊರೆದದ್ದಲ್ಲ. ಕೋಲಿನ ತುದಿಯ ಬಾವುಟಕ್ಕೆ ‘ಅಟ್’ ಎಂದರೂ ‘ಆನ್’ ಎಂದರೂ ನಡೆಯುತ್ತದೆ. ಆದರೆ ತೂತಿನ ವಿಷಯದಲ್ಲಿ ವ್ಯತ್ಯಾಸ ಮುಖ್ಯವಾಗುತ್ತದೆ. ‘ಇನ್ ದಿ ಎಂಡ್’ ಇರುವ ತೂತನ್ನು ಕೋಲಿನ ಮುಖದಲ್ಲಿ, ಉದ್ದಕ್ಕೆ ಕೊರೆದದ್ದೆಂದು ಊಹಿಸಬಹುದು. ‘ಅಟ್ ದಿ ಎಂಡ್’ ಇರುವುದು ತುದಿಗೆ ಸಮೀಪದಲ್ಲಿ ಅಡ್ಡಕ್ಕೆ ಹಾದುಹೋದ ತೂತೂ ಆಗಿರಬಹುದು. ನಿಘಂಟು ‘ಇನ್ ದಿ ಎಂಡ್’ ಎಂಬುದಕ್ಕೆ ‘ಅಂತೂ’, ‘ಕೊನೆಗೂ’ ಎಂಬ ಅರ್ಥಗಳನ್ನು ಕೊಡುತ್ತದೆ, ಅದೂ ಸರಿಯೇ. ಆದರೆ ಅದರ ಬೆನ್ನಿಗೇ ‘ಆಫ್ ದ ಪೋಲ್’ ಬಂದೊಡನೆ ಕಾಲದ ಅರ್ಥ ಬಿಟ್ಟುಹೋಗಿ ಕೋಲು ಮಾತ್ರ ಉಳಿಯುತ್ತದೆ.

ಕನ್ನಡ ಈ ಕೆಲಸವನ್ನು ಬೇರೆ ಕಡೆ ಹಂಚಿಕೊಂಡಿದೆ. ‘ಅಲ್ಲಿ’ ಎಂಬ ಒಂದೇ ಪ್ರತ್ಯಯ ಅಟ್, ಆನ್, ಇನ್ ಮೂರನ್ನೂ ಹೊರುತ್ತದೆ. ಅಂಟಿಕೊಂಡಿರುವುದನ್ನು ಹೇಳಬೇಕಾದಾಗ ನಾವು ‘ತುದಿಗೆ’ ಎನ್ನುತ್ತೇವೆ, ಜೊತೆಗೆ ಒಂದು ಕ್ರಿಯಾಪದವನ್ನು ಕರೆಯುತ್ತೇವೆ: ತುದಿಗೆ ಕಟ್ಟಿದ ಕತ್ತಿ, ತುದಿಗೆ ಸಿಕ್ಕಿಸಿದ ನಾಝಲ್. ಮಾತು ನೆನಪಾಗಿಯೂ ಆಗದಂತಿರುವಾಗ ಇಂಗ್ಲಿಷಿನವರಿಗೆ ಅದು ನಾಲಿಗೆಯ ತುದಿಯ ಮೇಲಿರುತ್ತದೆ. ನಮಗೋ ಅದು ‘ನಾಲಿಗೆ ತುದಿಗೆ ಬಂದಿದೆ’. ಅವರು ಇರುವಿಕೆಯಿಂದ ಹೇಳಿದ್ದನ್ನು ನಾವು ಬರುವಿಕೆಯಿಂದ ಹೇಳುತ್ತೇವೆ.

ನಾಮಪದದ ಕಡೆ ಮಾತ್ರ ಕನ್ನಡ ಇಂಗ್ಲಿಷಿಗಿಂತ ಬಿಗಿ. ಕೋಲಿಗೆ ಅವರಲ್ಲಿ ಎರಡೂ ಬದಿ ‘ಎಂಡ್’. ನಮ್ಮಲ್ಲಿ ದೋಟಿಯ ಮೇಲ್ಬದಿ ತುದಿ, ಕೈಯಲ್ಲಿ ಹಿಡಿಯುವ ಬದಿ ಬುಡ. ಒಂದನ್ನು ಇನ್ನೊಂದೆಂದು ತಿಳಿಯಲು ಸಾಧ್ಯವೇ ಇಲ್ಲ. ಊಟಕ್ಕೆ ಬಾಳೆ ಎಲೆ ಹಾಕುವಾಗ ಕುಡಿ ಎಡಕ್ಕಿರಬೇಕೆನ್ನುತ್ತೇವೆ. ಎಲೆಯ ಮತ್ತೊಂದು ಬದಿಯನ್ನು ಕುಡಿಯೆಂದು ಯಾರೂ ಕರೆಯುವುದಿಲ್ಲ. ಇಂಥ ಪದಗಳು ಕೈಯಲ್ಲಿದ್ದೂ ನಾನು ಎಲ್ಲ ಕಡೆ ‘ಕೊನೆ’ಯನ್ನೇ ಬಳಸಿದ್ದು, ಇಂಗ್ಲಿಷ್ ವಾಕ್ಯವನ್ನು ನೋಡುತ್ತಾ ದೋಟಿಯನ್ನು ನೋಡದೇ ಇದ್ದುದರಿಂದ.

ಆ ಬಳಿಕ ನಾನು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇನೆ. ‘ಎಂಡ್’ ಬಂದ ಕೂಡಲೇ ವಾಕ್ಯವನ್ನು ಬದಿಗಿಟ್ಟು, ಆ ವಸ್ತುವಿನ ಚಿತ್ರವನ್ನು ಹಾಳೆಯ ಮೇಲೆ ಗೀರುತ್ತೇನೆ. ಯಾವ ಬದಿ, ತಾಗಿದೆಯೋ ಬಳಿಯಲ್ಲಿದೆಯೋ ಒಳಗಿದೆಯೋ, ಉದ್ದಕ್ಕೋ ಅಡ್ಡಕ್ಕೋ ಎಂಬುದು ಚಿತ್ರದಲ್ಲಿ ಸ್ಪಷ್ಟವಾದ ಮೇಲೆ ಮೂಲದತ್ತ ತಿರುಗದೆ, ಚಿತ್ರವನ್ನೇ ನೋಡಿಕೊಂಡು ಕನ್ನಡದಲ್ಲಿ ಬರೆಯುತ್ತೇನೆ. ಚಿತ್ರ ಬಿಡಿಸಲು ಆಗದಿದ್ದರೆ ಉಪಕರಣವನ್ನೇ ತರಿಸಿಕೊಳ್ಳುತ್ತೇನೆ. ದೋಟಿಯ ವಿಷಯದಲ್ಲಿ ಹಾಗೆಯೇ ಆಯಿತು. ತುದಿಯನ್ನು ಮುಚ್ಚಿದ ಲೋಹದ ಬಿರಡೆಯ ನಡುವೆ ತಿರುಪಿನ ಗೆರೆಗಳಿರುವ ತೂತಿತ್ತು, ನೆತ್ತಿಯಿಂದ ಕೆಳಮುಖವಾಗಿ. ಹೊಸ ವಾಕ್ಯ ಹೀಗಾಯಿತು: “ದೋಟಿಯ ತುದಿಗೆ ಕತ್ತಿಯನ್ನು ಕೂರಿಸಿ, ತುದಿಯ ಬಿರಡೆಯ ನಡುವೆ ಇರುವ ತೂತಿಗೆ ಮೇಲಿನಿಂದ ಬೋಲ್ಟ್ ತಿರುಗಿಸಿ ಬಿಗಿ ಮಾಡಿ.” ಮೂಲಕ್ಕಿಂತ ಉದ್ದವಾಯಿತೆಂದು ಕೆಲಸ ಕೊಟ್ಟವರು ಆಕ್ಷೇಪಿಸಿದರು. ನಾನು ಒಂದು ಪದವನ್ನೂ ತೆಗೆಯಲು ಒಪ್ಪಲಿಲ್ಲ. 60 ಅಡಿ ಎತ್ತರದ ಮರದ ಕೆಳಗೆ ನಿಂತವರ ತಲೆಯ ಮೇಲೆ ಆ ಕತ್ತಿ ತೂಗುತ್ತಿರುತ್ತದೆ.

ಎರಡನೆಯ ಕರಡನ್ನು ಅದೇ ಕೊನೆಗಾರರ ಮುಂದೆ ಓದಿದೆ. ನಾನು ವಾಕ್ಯ ಮುಗಿಸುವ ಮೊದಲೇ ಅವರು ಬೋಲ್ಟನ್ನು ನೆತ್ತಿಯಿಂದ ಇಟ್ಟಿದ್ದರು. ಲಾಕಿನ ವಾಕ್ಯಕ್ಕೆ ಬಂದಾಗ “ತುಂಡಿನ ತುದಿಯಲ್ಲಿ” ಎಂಬುದನ್ನು ಕೇಳಿ, ಲಾಕಿಗೂ ತುದಿಗೂ ನಡುವೆ ತಮ್ಮ ಮೂರು ಬೆರಳಿಟ್ಟು ತೋರಿಸಿ, “ತುದಿಯಲ್ಲಿ ಅಲ್ಲ, ತುದಿಯಿಂದ ಮೂರು ಬೆರಳು ಕೆಳಗೆ” ಎಂದರು. ಅಚ್ಚಾದ ಕೈಪಿಡಿಯಲ್ಲಿ ಆ ವಾಕ್ಯ ಅವರು ಹೇಳಿದಂತೆಯೇ ಇದೆ.