ಮಲ್ಪೆಯ ಐಸ್ ಪ್ಲಾಂಟಿನ ಡೇಟಾಬೇಸ್ ಸರ್ವರಲ್ಲಿ ಜಾಗ ಮುಗಿದ ದಿನ

ಕಳೆದ ಆಗಸ್ಟ್ 26, ಬೆಳಿಗ್ಗೆ 4.40ಕ್ಕೆ ಫೋನು. ಆ ಹೊತ್ತಿಗೆ ಮಲ್ಪೆಯಿಂದ ಕಾಲ್ ಬಂತು ಅಂದ್ರೆ ಎಂತದೋ ಆಗಿದೆ ಅಂತಲೇ, ಯಾಕಂದ್ರೆ ಅದು ಬೋಟುಗಳು ದಕ್ಕೆಗೆ ಬರುವ ಟೈಮು, ಐಸ್ ತಗೊಳ್ಳಿಕ್ಕೆ ಗಾಡಿಗಳು ಸಾಲಾಗಿ ನಿಂತಿರ್ತವೆ, ಬಿಲ್ ಆಗದೆ ಒಂದು ಗಾಡಿಯೂ ಹೊರಗೆ ಹೋಗುವ ಹಾಗಿಲ್ಲ. ಕ್ಯಾಶಿನಲ್ಲಿ ಕೂರುವ ಅಕ್ಕ ಮಾತಾಡಿದ್ದು. "ಸರ್, ಬಿಲ್ ಆಗ್ತಾ ಇಲ್ಲ. ಕನೆಕ್ಷನ್ ಇಲ್ಲ ಅಂತ ಬರ್ತಾ ಉಂಟು. ಎರಡು ಸಲ ಬಂದ್ ಮಾಡಿ ಆನ್ ಮಾಡಿಯಾಯ್ತು."

ಇನ್ನು ಆಫ್ ಆನ್ ಮಾಡ್ಬೇಡಿ ಅಕ್ಕ, ಕೈಬಿಲ್ ಬರೀಲಿಕ್ಕೆ ಶುರು ಮಾಡಿ, ನಾನು ಬಂದೆ ಅಂತ ಹೇಳಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬ್ಯಾಗಿಗೆ ಹಾಕ್ಕೊಂಡು ಹೊರಟೆ. ಸಂತೆಕಟ್ಟೆಯಿಂದ ಹೈವೇಯಲ್ಲಿ ಬಂದು ಕರಾವಳಿ ಜಂಕ್ಷನಲ್ಲಿ ಬಲಕ್ಕೆ ತಿರುಗಿದ್ರೆ ಮಲ್ಪೆ ಎಂತ ದೂರ ಇಲ್ಲ, ಆದ್ರೆ ಅವತ್ತು ಮಳೆ ಸಮಾ ಹೊಡೀತಾ ಇತ್ತು, ಮುಟ್ಟುವಾಗ 5.15 ಆಗಿತ್ತು.

ಅಲ್ಲಿ ಇರುವುದು ಪೋಸ್ಟ್‌ಗ್ರೆಸ್ 14 ಅನ್ನುವ ಡೇಟಾಬೇಸ್, ಉಬುಂಟು ಲಿನಕ್ಸ್ ಮೇಲೆ. ಡೇಟಾಗೆ ಅಂತಲೇ ಬೇರೆ ಪಾರ್ಟಿಷನ್ ಉಂಟು, 100 ಜಿಬಿ. ಲಾಗ್ ತೆಗೆದು ನೋಡಿದ ಕೂಡ್ಲೆ ಗೊತ್ತಾಯ್ತು, ಪ್ಯಾನಿಕ್ ಅಂತ ಬರೆದು ಅದರ ಮುಂದೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಮೆಷಿನ್ ರೀಸ್ಟಾರ್ಟ್ ಮಾಡಿದಾಗಲೂ ಅದೇ ಸಾಲು ಮತ್ತೆ ಬಂದಿತ್ತು, ಯಾಕಂದ್ರೆ ಮೇಲೆ ಏಳ್ಲಿಕ್ಕೂ ಅದಕ್ಕೆ ಸ್ವಲ್ಪ ಬರೀಲಿಕ್ಕೆ ಉಂಟು, ಬರೀಲಿಕ್ಕೆ ಜಾಗ ಇಲ್ಲ. ಡಿಸ್ಕಲ್ಲಿ ಎಷ್ಟು ಜಾಗ ಉಂಟು ಅಂತ ತೋರಿಸುವ ಡಿಎಫ್ ಕಮಾಂಡ್ ಕೊಟ್ರೆ ಬಾಕಿ ಸೊನ್ನೆ. ಐನೋಡ್, ಅಂದ್ರೆ ಎಷ್ಟು ಫೈಲ್ ಇಡ್ಬಹುದು ಅನ್ನುವ ಲೆಕ್ಕ, ಎಂತಾದ್ರೂ ಮುಗಿದಿದೆಯಾ ಅಂತ ಅದನ್ನೂ ನೋಡಿದೆ, ಇಲ್ಲ, ಅದು ಬೇಕಾದಷ್ಟಿತ್ತು. ಡಿಯು ಹಾಕಿ ಫೋಲ್ಡರ್ ಫೋಲ್ಡರ್ ನೋಡಿದಾಗ ಡೇಟಾಬೇಸ್ 31 ಜಿಬಿ, ನಾನೇ ಮಾರ್ಚಲ್ಲಿ ತೆಗೆದಿಟ್ಟ ಒಂದು ಹಳೇ ಡಂಪ್ (ಡೇಟಾಬೇಸಿನ ಬ್ಯಾಕಪ್ ಫೈಲ್) 5 ಜಿಬಿ, ಮತ್ತೆ ಪಿಜಿ_ವಾಲ್ ಅನ್ನುವ ಫೋಲ್ಡರ್ ಒಂದೇ 57 ಜಿಬಿ. ಮಾಮೂಲಿಗೆ ಅದು ಒಂದು ಜಿಬಿ ಆಸುಪಾಸು ಇರ್ಬೇಕಾದ್ದು.

ಧನಿಗಳ ಅಳಿಯ ಇಂಜಿನಿಯರಿಂಗ್ ಓದ್ತಾ ಇದ್ದಾನೆ, ಪಾಪ ಅವನೂ ನಿದ್ದೆಯಿಂದ ಎದ್ದು ಬಂದಿದ್ದ, ಸ್ಕ್ರೀನ್ ನೋಡಿ ಕೇಳಿದ, "ಅಣ್ಣ, ಇದರಲ್ಲಿ ಹಳೇ ಫೈಲ್ ತುಂಬ ಉಂಟಲ್ಲ, ಹಿಂದಿನ ವಾರದ್ದೆಲ್ಲ ಡಿಲೀಟ್ ಮಾಡುವನಾ? ಕೂಡ್ಲೆ ಜಾಗ ಆಗ್ತದೆ."

ಈ ಬರಹ ಬರೀಲಿಕ್ಕೆ ಕೂತದ್ದೇ ಈ ಒಂದು ಪ್ರಶ್ನೆಗೋಸ್ಕರ. ಡಿಸ್ಕ್ ತುಂಬಿ ನಿಂತ ಪೋಸ್ಟ್‌ಗ್ರೆಸ್ ಎಂತದನ್ನೂ ಕಳ್ಕೊಂಡಿರುವುದಿಲ್ಲ, ಕಮಿಟ್ ಆದದ್ದೆಲ್ಲ, ಅಂದ್ರೆ ಬರೆದು ಪಕ್ಕಾ ಆದದ್ದೆಲ್ಲ, ಡಿಸ್ಕಲ್ಲೇ ಉಂಟು, ಅದು ಬೇಕಂತಲೇ ನಿಂತದ್ದು. ಕಳ್ಕೊಳ್ಳುವುದು ನಾವು ಗಡಿಬಿಡಿಯಲ್ಲಿ ಆ ಫೋಲ್ಡರಿಗೆ ಕೈ ಹಾಕಿದಾಗ. ಅಂಗಡಿಯಲ್ಲಿ ವ್ಯಾಪಾರ ಆದ ಹಾಗೆ ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿ ಆಮೇಲೆ ಸಾವಕಾಶ ಖಾತೆ ಪುಸ್ತಕಕ್ಕೆ ಏರಿಸ್ತಾರಲ್ಲ, ವಾಲ್ ಅಂದ್ರೆ ಆ ಕಚ್ಚಾ ಪುಸ್ತಕ. ಖಾತೆಗೆ ಏರದ ಪುಟ ಹರಿದು ಬಿಸಾಡಿದ್ರೆ ಆ ವ್ಯಾಪಾರ ಹೋಯ್ತು ಅಂತಲೇ ಲೆಕ್ಕ. ಮೊದಲು ಈ ಫೋಲ್ಡರಿನ ಹೆಸರು ಪಿಜಿ_ಎಕ್ಸ್‌ಲಾಗ್ ಅಂತಿತ್ತು, ಲಾಗ್ ಅಂತ ಕಂಡದ್ದಕ್ಕೆ ಎಷ್ಟೋ ಜನ ಅಳಿಸಿ ಹಾಕ್ತಿದ್ರು, 2017ರಲ್ಲಿ 10ನೇ ವರ್ಷನ್ ಬರುವಾಗ ಹೆಸರು ಬದಲಾಯಿಸಿದ್ರು.

ಅವನು ಕೇಳಿದ್ದರಲ್ಲಿ ಅರ್ಧ ಸರಿ ಇತ್ತು, ಅದನ್ನೂ ಹೇಳ್ಬೇಕು. ಕ್ರ್ಯಾಶ್ ಆದಮೇಲೆ ಎದ್ದು ನಿಲ್ಲಿಕ್ಕೆ ಬೇಕಾದ್ದು ಕೊನೇ ಚೆಕ್‌ಪಾಯಿಂಟಿಂದ (ಕೊನೇ ಸಲ ಎಲ್ಲ ಖಾತೆಗೆ ಏರಿಸಿ ಮುಗಿಸಿದ ಜಾಗ) ಈಚಿನ ಫೈಲು ಮಾತ್ರ, ಅದಕ್ಕಿಂತ ಹಿಂದಿನದ್ದು ಬೇಡ. ಆದ್ರೆ ಯಾವುದು ಹಿಂದಿನದ್ದು ಅಂತ ತಾರೀಕು ನೋಡಿ ಹೇಳ್ಲಿಕ್ಕೆ ಬರುವುದಿಲ್ಲ! ಪೋಸ್ಟ್‌ಗ್ರೆಸ್ ಕೆಲಸ ಮುಗಿದ ಫೈಲನ್ನು ಬಿಸಾಡುವ ಬದಲು ಎಷ್ಟೋ ಸಲ ಮುಂದಿನ ನಂಬರಿನ ಹೆಸರು ಕೊಟ್ಟು ಹಾಗೇ ಇಟ್ಕೊಳ್ತದೆ, ಹಾಗಾಗಿ ತಾರೀಕು ಹಳೇದು, ಹೆಸರು ಹೊಸದು. ಗೊತ್ತಿಲ್ಲದವ ತಾರೀಕು ಹಿಡಿದು ಅಳಿಸ್ಲಿಕ್ಕೆ ಹೊರಟ್ರೆ ಬೇಕಾದ್ದೂ ಹೋಗ್ಬಹುದು, ಆಮೇಲೆ ಪಿಜಿ_ರೀಸೆಟ್‌ವಾಲ್ (ಇದ್ದ ವಾಲನ್ನು ಬಿಸಾಡಿ ಹೊಸದಾಗಿ ಶುರು ಮಾಡುವ ಕಮಾಂಡ್) ಹಾಕಿ ಎಬ್ಬಿಸುವ ಪರಿಸ್ಥಿತಿ, ಅದು ಹಾಕಿದಮೇಲೆ ಒಳಗಿರುವ ಲೆಕ್ಕ ನಂಬುವ ಹಾಗಿಲ್ಲ. ಹಾಗೆ ಎಬ್ಬಿಸಿದ ಒಂದು ಡೇಟಾಬೇಸ್ ಹಿಂದೊಮ್ಮೆ ನನ್ನ ಕೈಗೆ ಬಂದಿತ್ತು, ಒಂದೇ ನಂಬರಿಗೆ ಎರಡೆರಡು ಸಾಲು, ಸರಿ ಮಾಡ್ಲಿಕ್ಕೆ ವಾರಗಟ್ಟಲೆ ಹೋಯ್ತು. ಹಾಗಾಗಿ ಮುಟ್ಟುವುದೇ ಬೇಡ ಮಾರಾಯ ಅಂತ ಅವನಿಗೆ ಹೇಳಿದೆ.

ಮೊದಲು ಕಾಪಿ. ಸರ್ವರ್ ಹೇಗೂ ನಿಂತೇ ಇತ್ತು, ಪೂರ್ತಿ ಡೇಟಾ ಫೋಲ್ಡರನ್ನು ವಾಲ್ ಸಮೇತ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದೆ, 88 ಜಿಬಿ, ಹತ್ತಿರ ಹತ್ತಿರ 20 ನಿಮಿಷ ಹಿಡೀತು. ಹೊರಗೆ ಗಾಡಿಯವರ ಬೊಬ್ಬೆ, ಧನಿಗಳು ಒಳಗೆ ಬಂದು ನೋಡುವುದು, ಹೊರಗೆ ಹೋಗುವುದು. ಆ 20 ನಿಮಿಷ ಸುಮ್ಮನೆ ಕೂತಿರುವುದು ಕಷ್ಟ, ನಿಜ, ಆದ್ರೂ ಅದನ್ನು ಬಿಟ್ಟು ಮುಂದೆ ಹೋಗ್ಬಾರದು ಅಂತ ನನ್ನ ಅಭಿಪ್ರಾಯ, ಮುಂದೆ ಎಂತ ಎಡವಟ್ಟಾದ್ರೂ ಈ ಜಾಗಕ್ಕೆ ವಾಪಸ್ ಬರ್ಲಿಕ್ಕೆ ಅದೊಂದೇ ದಾರಿ.

ಆಮೇಲೆ ಜಾಗ ಮಾಡುವುದು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಮಾಡುವಾಗ ಬೇರೆ ಎಂತ ಹೇಳದಿದ್ರೆ 5 ಪರ್ಸೆಂಟ್ ಜಾಗವನ್ನು ರೂಟ್ ಯೂಸರಿಗೆ, ಅಂದ್ರೆ ಮೆಷಿನಿನ ಅಡ್ಮಿನಿಗೆ, ಅಂತ ತೆಗೆದಿಡ್ತದೆ. ಪೋಸ್ಟ್‌ಗ್ರೆಸ್ ಓಡುವುದು ರೂಟ್ ಆಗಿ ಅಲ್ಲ, ಹಾಗಾಗಿ ಅದಕ್ಕೆ ಆ ಜಾಗ ಸಿಗುವುದಿಲ್ಲ, ಡಿಸ್ಕ್ ತುಂಬಿದೆ ಅಂತ ಕಂಡ್ರೂ ಒಳಗೆ 5 ಜಿಬಿ ಖಾಲಿ ಇರ್ತದೆ. ಟ್ಯೂನ್2ಎಫ್‌ಎಸ್ ಕಮಾಂಡಿಗೆ ಮೈನಸ್ ಎಮ್ 1 ಅಂತ ಕೊಟ್ಟೆ, ಅಂದ್ರೆ 5 ಪರ್ಸೆಂಟ್ ಇದ್ದದ್ದು 1, ಅನ್‌ಮೌಂಟ್ ಮಾಡ್ಬೇಕು ಅಂತಿಲ್ಲ, ಎರಡು ಸೆಕೆಂಡಲ್ಲಿ 4 ಜಿಬಿ ಕೈಗೆ ಬಂತು. ಒಂದು ಫೈಲೂ ಅಳಿಸದೆ. ಮಾರ್ಚಿನ ಡಂಪನ್ನೂ ಎಕ್ಸ್‌ಟರ್ನಲ್ಲಿಗೆ ಸಾಗಿಸಿದೆ, ಒಟ್ಟು 9 ಜಿಬಿ.

ಸ್ಟಾರ್ಟ್ ಕೊಡುವ ಮೊದಲು ಬಿಲ್ಲಿಂಗ್ ಸರ್ವಿಸ್ ಬಂದ್ ಮಾಡಿದೆ, ಕೋಲ್ಡ್ ರೂಮಿನ ಟೆಂಪರೇಚರ್ ಬರೆಯುವ ಪ್ರೋಗ್ರಾಮೂ ಬಂದ್, ಇಲ್ಲಾಂದ್ರೆ ಅದು ಎದ್ದ ಕೂಡ್ಲೆ ಎಲ್ಲರೂ ಒಟ್ಟಿಗೆ ಬರೀಲಿಕ್ಕೆ ಬರ್ತಾರೆ. ಸ್ಟಾರ್ಟ್ ಕೊಟ್ಟೆ. ಲಾಗಲ್ಲಿ ರಿಕವರಿ ನಡೀತಾ ಉಂಟು ಅಂತ ಬಂತು, ಒಂದು ನಿಮಿಷವೂ ಆಗ್ಲಿಲ್ಲ, ರೆಡಿ ಟು ಆಕ್ಸೆಪ್ಟ್ ಕನೆಕ್ಷನ್ಸ್. ಆ ಸಾಲು ಕಂಡಾಗ ನನ್ನ ಅರ್ಧ ಮಂಡೆಬಿಸಿ ಇಳೀತು.

ಆದ್ರೆ 57 ಜಿಬಿ ಹಾಗೇ ಉಂಟಲ್ಲ, ಚೆಕ್‌ಪಾಯಿಂಟ್ ಕೊಟ್ರೂ ಕಡಿಮೆ ಆಗ್ಲಿಲ್ಲ, ಅಂದ್ರೆ ಯಾರೋ ಅದನ್ನು ಹಿಡ್ಕೊಂಡಿದ್ದಾರೆ. ಸಾಮಾನ್ಯಕ್ಕೆ ಇಬ್ಬರಲ್ಲಿ ಒಬ್ಬರು, ಒಂದು ವಾಲ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿಡುವ ಆರ್ಕೈವ್ ಕಮಾಂಡ್ ಫೇಲ್ ಆಗ್ತಾ ಇರ್ಬೇಕು, ಇಲ್ಲಾಂದ್ರೆ ರೆಪ್ಲಿಕೇಷನ್ ಸ್ಲಾಟ್. ಅಲ್ಲಿ ಆರ್ಕೈವ್ ಬಂದ್ ಮಾಡಿ ವರ್ಷ ಆಗಿತ್ತು. ಪಿಜಿ_ರೆಪ್ಲಿಕೇಷನ್_ಸ್ಲಾಟ್ಸ್ ನೋಡಿದ್ರೆ ಒಂದೇ ಒಂದು ಸಾಲು, ಆ್ಯಕ್ಟಿವ್ ಅನ್ನುವ ಕಾಲಮಲ್ಲಿ ಎಫ್, ಅಂದ್ರೆ ಫಾಲ್ಸ್, ಯಾರೂ ಅದನ್ನು ಬಳಸ್ತಾ ಇಲ್ಲ.

ಅದನ್ನು ನೋಡಿದ ಕೂಡ್ಲೆ ನನಗೆ ಎಲ್ಲ ನೆನಪಾಯ್ತು, ತಪ್ಪು ನನ್ನದೇ. ಧನಿಗಳ ಮನೆಯಲ್ಲಿ ಒಂದು ಸ್ಟ್ಯಾಂಡ್‌ಬೈ ಮೆಷಿನ್ ಇಟ್ಟಿದ್ದೆವು, ಇಲ್ಲಿ ಬರೆದದ್ದೆಲ್ಲ ಅಲ್ಲಿಗೂ ಹೋಗುವ ಹಾಗೆ. ಜೂನಲ್ಲಿ ಗುಡುಗು ಸಿಡಿಲಿಗೆ ಅದರ ಪವರ್ ಸಪ್ಲೈ ಹೋಯ್ತು, ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಐಸ್ ಪ್ಲಾಂಟೂ ಬಂದ್, ಸೀಸನ್ ಶುರುವಾಗುವಾಗ ನೋಡುವ ಅಂತ ಮೆಷಿನ್ ತಂದು ನನ್ನ ಕಪಾಟಿನ ಮೇಲೆ ಇಟ್ಟಿದ್ದೆ. ಸ್ಲಾಟ್ ತೆಗೀಲಿಲ್ಲ. ಸ್ಲಾಟ್ ಅಂದ್ರೆ ಮೇನ್ ಸರ್ವರಿಗೆ ಹೇಳಿಟ್ಟ ಮಾತು, ಇಂಥವನಿಗೆ ಇನ್ನೂ ಓದ್ಲಿಕ್ಕೆ ಬಾಕಿ ಉಂಟು, ಅವನು ಬರುವವರೆಗೆ ಪುಟ ಬಿಸಾಡ್ಬೇಡ ಅಂತ. ಅದು ಮಾತು ಉಳಿಸ್ಕೊಂಡಿತು.

ಎರಡು ತಿಂಗಳು ಎಂತದೂ ಗೊತ್ತಾಗದಿರ್ಲಿಕ್ಕೆ ಕಾರಣ ಉಂಟು. ನಿಷೇಧದ ಸಮಯದಲ್ಲಿ ಬಿಲ್ಲೇ ಇಲ್ಲ, ಕೋಲ್ಡ್ ರೂಮ್ ಬಂದ್, ಬರೀಲಿಕ್ಕೆ ಎಂತ ಇಲ್ಲ, ವಾಲ್ ಬೆಳೀಲಿಲ್ಲ. ಆಗಸ್ಟ್ 1ಕ್ಕೆ ಪ್ಲಾಂಟ್ ಶುರು ಆಯ್ತು, ಟೆಂಪರೇಚರ್ ಪ್ರೋಗ್ರಾಮ್ ನಿಮಿಷಕ್ಕೊಂದು ಸಾಲು ಬರೀಲಿಕ್ಕೆ ಶುರು ಮಾಡಿತು. ನಿಮಿಷಕ್ಕೊಂದು ಸಾಲು ಎಷ್ಟು ದೊಡ್ಡದಾದೀತು, 57 ಜಿಬಿ ಹೇಗೆ ಬಂತು ಅಂತ ನನಗೂ ಮೊದಲು ತಲೆಗೆ ಹೋಗ್ಲಿಲ್ಲ. ಕಾನ್ಫಿಗ್ ಫೈಲ್ ಓದಿದಾಗ ಸಿಕ್ಕಿತು, ಹಳೇ ಆರ್ಕೈವ್ ಸೆಟಪ್ಪಿನ ಒಂದು ಸಾಲು ಉಳಿದುಹೋಗಿತ್ತು, ಆರ್ಕೈವ್_ಟೈಮ್‌ಔಟ್ 10 ನಿಮಿಷ. ಆರ್ಕೈವ್ ಬಂದ್ ಇದ್ರೂ ಆ ಸಾಲು ಕೆಲಸ ಮಾಡ್ತದೆ. ಹತ್ತು ನಿಮಿಷದೊಳಗೆ ಒಂದು ಸಾಲು ಬರೆದಿದ್ರೂ ಸಾಕು, ಆ ಫೈಲ್ ಅಲ್ಲಿಗೆ ಮುಚ್ಚಿ ಹೊಸದು ತೆಗೀತದೆ, ಮತ್ತೆ ವಾಲ್ ಫೈಲ್ ಒಳಗೆ ತುಂಬಿರ್ಲಿ ಖಾಲಿ ಇರ್ಲಿ 16 ಎಂಬಿಯೇ. ಗಂಟೆಗೆ 6, ದಿನಕ್ಕೆ 144, ಅಂದ್ರೆ ದಿನಕ್ಕೆ 2.25 ಜಿಬಿ. 25 ದಿನಕ್ಕೆ 56 ಚಿಲ್ಲರೆ, ಮೊದಲೇ ಇದ್ದ ಚೂರುಪಾರು ಸೇರಿ 57. ಫೋಲ್ಡರಲ್ಲಿ ಫೈಲ್ ಲೆಕ್ಕ ಹಾಕಿದ್ರೆ 3,600ರ ಮೇಲೆ. ಲೆಕ್ಕ ಸಮಾ ಕೂತಿತು.

ಸ್ಟ್ಯಾಂಡ್‌ಬೈಯನ್ನು ಹೇಗೂ ಹೊಸದಾಗಿಯೇ ಕಟ್ಟುವುದು ಅಂತ ತೀರ್ಮಾನ ಮಾಡಿ ಆ ಸ್ಲಾಟನ್ನು ಪಿಜಿ_ಡ್ರಾಪ್_ರೆಪ್ಲಿಕೇಷನ್_ಸ್ಲಾಟ್ ಕೊಟ್ಟು ತೆಗೆದೆ, ಮತ್ತೊಮ್ಮೆ ಚೆಕ್‌ಪಾಯಿಂಟ್. ಇನ್ನೊಂದು ವಿಂಡೋದಲ್ಲಿ ಡಿಯು ಹಾಕಿ ಕೂತಿದ್ದೆವು, ಅಳಿಯನೂ ನೋಡ್ತಾ ಇದ್ದ, 57 ಇದ್ದದ್ದು 40 ಆಯ್ತು, 18 ಆಯ್ತು, ಒಂದು ಜಿಬಿಗಿಂತ ಕೆಳಗೆ ಬಂದು ನಿಂತಿತು. ಯಾವುದು ಬೇಕು ಯಾವುದು ಬೇಡ ಅಂತ ಅದಕ್ಕೇ ಗೊತ್ತುಂಟು, ನಾವು ಹಿಡ್ಕೊಂಡದ್ದನ್ನು ಬಿಟ್ರೆ ಸಾಕು.

ಧನಿಗಳು ಒಂದು ಮಾತು ಕೇಳಿದ್ರು, ಹತ್ತು ವರ್ಷದ ಹಳೇ ಬಿಲ್ಲುಗಳೆಲ್ಲ ಯಾಕೆ, ಅದನ್ನು ತೆಗೆದಿದ್ರೆ ಜಾಗ ಆಗ್ತಿರ್ಲಿಲ್ವಾ ಅಂತ. ಆಗ್ತಿರ್ಲಿಲ್ಲ. ಪೋಸ್ಟ್‌ಗ್ರೆಸ್ಸಲ್ಲಿ ಡಿಲೀಟ್ ಕೊಟ್ರೆ ಆ ಅಳಿಸಿದ್ದೂ ವಾಲಲ್ಲಿ ಬರೀಬೇಕು, ಅಂದ್ರೆ ಇನ್ನಷ್ಟು ಜಾಗ ಬೇಕು, ಮತ್ತೆ ಟೇಬಲ್ಲಿನ ಫೈಲ್ ಸಣ್ಣದಾಗುವುದೂ ಇಲ್ಲ, ಒಳಗೆ ಖಾಲಿ ಬಿಟ್ಕೊಂಡು ಇರ್ತದೆ. ಅದನ್ನು ಸಣ್ಣ ಮಾಡುವ ವ್ಯಾಕ್ಯೂಮ್ ಫುಲ್ ಅಂತ ಉಂಟು, ಆದ್ರೆ ಅದು ಟೇಬಲನ್ನು ಪೂರ್ತಿ ಹೊಸದಾಗಿ ಇನ್ನೊಂದು ಕಡೆ ಬರೆದು ಆಮೇಲೆ ಹಳೇದನ್ನು ಬಿಡುವುದು, ತುಂಬಿದ ಡಿಸ್ಕಲ್ಲಿ ಆಗುವ ಕೆಲಸ ಅಲ್ಲ.

ಆ ಮೇಲೆ ಮಾಡಿದ ಬದಲಾವಣೆ ಜಾಸ್ತಿ ಇಲ್ಲ. ಆರ್ಕೈವ್_ಟೈಮ್‌ಔಟ್ ಸಾಲು ತೆಗೆದೆ. ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ (ಸ್ಲಾಟಿಗೋಸ್ಕರ ಎಷ್ಟು ವಾಲ್ ಹಿಡಿದಿಡ್ಬಹುದು ಅನ್ನುವ ಮಿತಿ) 20 ಜಿಬಿ ಅಂತ ಹಾಕಿದೆ, ಇದು 13ನೇ ವರ್ಷನಿಂದ ಉಂಟು, ಡೀಫಾಲ್ಟ್ ಮೈನಸ್ 1, ಅಂದ್ರೆ ಮಿತಿಯೇ ಇಲ್ಲ, ಸ್ಲಾಟ್ ಇಡುವವರು ಇದನ್ನು ಹಾಕದೆ ಇಡಲೇಬಾರದು ಅಂತ ನಾನು ಈಗ ಎಲ್ಲರಿಗೂ ಹೇಳ್ತೇನೆ. ಮಿತಿ ದಾಟಿದ್ರೆ ಸ್ಟ್ಯಾಂಡ್‌ಬೈ ಹಿಂದೆ ಬೀಳ್ತದೆ, ಅದನ್ನು ಪುನಃ ಕಟ್ಟಬೇಕಾಗ್ತದೆ, ಆಗ್ಲಿ, ಬೆಳಿಗ್ಗೆ ಐದು ಗಂಟೆಗೆ ದಕ್ಕೆಯಲ್ಲಿ ಗಾಡಿ ನಿಲ್ಲುವುದಿಲ್ಲ. ಡಿಸ್ಕ್ 80 ಪರ್ಸೆಂಟ್ ಆದ್ರೆ, ಇಲ್ಲಾ ಯಾವುದಾದ್ರೂ ಸ್ಲಾಟ್ ಒಂದು ಗಂಟೆ ಆ್ಯಕ್ಟಿವ್ ಇಲ್ಲದಿದ್ರೆ ನನ್ನ ಫೋನಿಗೆ ಮೆಸೇಜ್ ಬರುವ ಹಾಗೆ ಒಂದು ಸಣ್ಣ ಸ್ಕ್ರಿಪ್ಟ್. ಟ್ಯೂನ್2ಎಫ್‌ಎಸ್ಸಲ್ಲಿ 1 ಮಾಡಿದ್ದನ್ನು ವಾಪಸ್ 5ಕ್ಕೇ ತಂದೆ, ಡೇಟಾ ಪಾರ್ಟಿಷನಿಗೆ ಅಷ್ಟು ಬೇಡ ಅಂತ ಕೆಲವರು ಹೇಳ್ತಾರೆ, ನನಗೆ ಮಾತ್ರ ಅದು ಕಷ್ಟಕಾಲಕ್ಕೆ ಡಬ್ಬಿಯಲ್ಲಿ ಇಟ್ಟ ದುಡ್ಡಿನ ಹಾಗೆ, ಇರ್ಲಿ.

ಬಿಲ್ಲಿಂಗ್ ಪುನಃ ಶುರು ಮಾಡುವ ಮೊದಲು ಒಂದು ಕೆಲಸ ಬಾಕಿ ಇತ್ತು. ಎಲ್ಲ ಟೇಬಲ್ ಓದ್ಲಿಕ್ಕೆ ಆಗ್ತದಾ ಅಂತ ಪೂರ್ತಿ ಡಂಪ್ ಎಕ್ಸ್‌ಟರ್ನಲ್ಲಿಗೆ ತೆಗೆದೆ, ಎಲ್ಲೂ ತಡೆಯಲಿಲ್ಲ. ಮತ್ತೆ ಅಕ್ಕನ ಹತ್ರ ರಾತ್ರಿ ಪ್ರಿಂಟ್ ಆದ ಕೊನೇ ಬಿಲ್ ಉಂಟಾ ಅಂತ ಕೇಳಿದೆ. ಅವರು ಕ್ಲಿಪ್ಪಿಗೆ ಸಿಕ್ಕಿಸಿಟ್ಟ ಥರ್ಮಲ್ ಪೇಪರ್ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿದ್ರು, "4 ಗಂಟೆ 21 ನಿಮಿಷ, ಐಸ್ 30 ಬ್ಲಾಕ್, ಕ್ಯಾಶ್." ಸ್ಕ್ರೀನಲ್ಲಿ ಕೊನೇ ಸಾಲು, 4.21, 30, ಕ್ಯಾಶ್. ಅದರ ಹಿಂದಿನದ್ದು ಓದಿಸಿದೆ, ಅದೂ ಸರಿ. ಹಾಗೆ ಹತ್ತು ಬಿಲ್ ತಾಳೆ ನೋಡಿದೆವು.

6.50ಕ್ಕೆ ಬಿಲ್ಲಿಂಗ್ ಪುನಃ ಶುರು ಮಾಡಿದೆ. ಕೈಬಿಲ್ 43 ಆಗಿತ್ತು, ಐಸ್ ನೀರು ತಾಗಿ ಕೆಲವದರಲ್ಲಿ ಶಾಯಿ ಹರಡಿತ್ತು, ಅಕ್ಕ ಒಂದೊಂದೇ ಓದಿದ್ರು, ಅಳಿಯ ಟೈಪ್ ಮಾಡಿದ. ಎರಡರಲ್ಲಿ ಗಾಡಿ ನಂಬರ್ ಗೊತ್ತಾಗದೆ ಡ್ರೈವರಿಗೇ ಫೋನ್ ಮಾಡಿ ಕೇಳ್ಬೇಕಾಯ್ತು. ಅಷ್ಟು ಮುಗಿಯುವಾಗ ಮಳೆ ಬಿಟ್ಟಿತ್ತು, ನಾನು ಮನೆಗೆ ಬಂದು ಕಪಾಟಿನ ಮೇಲಿದ್ದ ಸ್ಟ್ಯಾಂಡ್‌ಬೈ ಮೆಷಿನ್ ಕೆಳಗಿಳಿಸಿ ಹೊಸ ಪವರ್ ಸಪ್ಲೈಗೆ ಹೇಳಿದೆ. ಭಾನುವಾರ ಧನಿಗಳ ಮನೆಯಲ್ಲಿ ಅದನ್ನು ಪುನಃ ಕಟ್ಟಿ, ಮೇನ್ ಸರ್ವರಲ್ಲಿ ಸ್ಲಾಟ್ ನೋಡಿದೆ. ಆ್ಯಕ್ಟಿವ್ ಕಾಲಮಲ್ಲಿ ಟಿ ಅಂತ ಬಂದಿತ್ತು.